ಬಾಡಿಗೆ ಲೈಟು, ಬಿಟ್ಟಿ ಹಾಡು

ದಿಲ್ಲಿಯ ರಾಕ್ ಸಂಗೀತದ ಕಥೆ ಹೇಳುವವರು ಗಿಟಾರಿನಿಂದ ಶುರುಮಾಡುತ್ತಾರೆ. ನಾನು ಲೈಟ್ ಸ್ಟ್ಯಾಂಡು ಹೊತ್ತವನು. ಶಿವಮೊಗ್ಗದಿಂದ ದಿಲ್ಲಿಗೆ ಹೋಗಿ, ಅಲ್ಲಿನ ಮುನಿರ್ಕಾದ ಬಾಡಿಗೆ ಕೋಣೆಯಲ್ಲಿದ್ದುಕೊಂಡು ಮದುವೆ ವಿಡಿಯೊ, ಕಂಪನಿ ಫಿಲ್ಮು, ನಡುನಡುವೆ ಬ್ಯಾಂಡುಗಳ ಹಾಡು ಚಿತ್ರೀಕರಿಸಿ ಹೊಟ್ಟೆ ಹೊರೆದವನು. ಹಾಗಾಗಿ ನನ್ನ ಚರಿತ್ರೆಯಲ್ಲಿ ಮೊದಲು ಬರುವ ಪ್ರಶ್ನೆ: ದುಡ್ಡು ಕೊಟ್ಟವರು ಯಾರು?

1994ರಲ್ಲಿ ಚಾನೆಲ್ ವಿ, 1996ರಲ್ಲಿ ಎಂಟಿವಿ ಇಂಡಿಯಾ ಬಂದ ಕಾಲದಲ್ಲಿ ಕೊಡುತ್ತಿದ್ದದ್ದು ಕ್ಯಾಸೆಟ್ ಕಂಪನಿ. ಡಾಕ್ಟರಿಕೆ ಓದಿದ ಪಲಾಶ್ ಸೇನ್ ಅವರ ಯೂಫೋರಿಯಾ ತಂಡ ಸುಮಾರು ಹತ್ತು ವರ್ಷ ನುಡಿಸಿದ ಮೇಲೆ, 1998ರಲ್ಲಿ, 'ಧೂಮ್ ಪಿಚಕ್ ಧೂಮ್' ಹಾಡಿನ ಮೂಲಕ ಮನೆಮನೆಯ ಟಿವಿಗೆ ಬಂತು. ಅದನ್ನು ಬನಾರಸಿನಲ್ಲಿ ಚಿತ್ರೀಕರಿಸಿದವರು ಮುಂದೆ 'ಪರಿಣೀತಾ' ಸಿನಿಮಾ ಮಾಡಿದ ಪ್ರದೀಪ್ ಸರ್ಕಾರ್. ಅಂಥ ಅದೃಷ್ಟ ಎಲ್ಲರಿಗೂ ಇರಲಿಲ್ಲ. 1991ರಲ್ಲಿ ಹುಟ್ಟಿದ ಪರಿಕ್ರಮ ತಂಡ ಹಾಡುಗಳನ್ನು ಮಾರುವ ಗೋಜಿಗೇ ಹೋಗದೆ ಜಾಲತಾಣದಲ್ಲಿ ಪುಕ್ಕಟೆ ಬಿಟ್ಟು, ಕಾಲೇಜು ಉತ್ಸವಗಳ ಸಂಭಾವನೆ ನೆಚ್ಚಿಕೊಂಡು ಊರೂರು ಸುತ್ತಿತು. 2007ರ ಮಾರ್ಚ್ 17ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಐರನ್ ಮೇಡನ್‌ಗಿಂತ ಮೊದಲು ವೇದಿಕೆ ಹತ್ತಿದ್ದು ಇದೇ ತಂಡ. ಇಂಡಿಯನ್ ಓಷನ್ ತಂಡ ಕರೋಲ್ ಬಾಗಿನ ಹಳೇ ಬಂಗಲೆಯೊಂದರಲ್ಲಿ ಅಭ್ಯಾಸ ಮಾಡುತ್ತಿತ್ತು. 2010ರಲ್ಲಿ ಆ ಮನೆಯ ವಿಳಾಸವನ್ನೇ, '16/330 ಖಜೂರ್ ರೋಡ್' ಎಂದು, ಆಲ್ಬಮ್ಮಿಗೆ ಹೆಸರಿಟ್ಟು ತಿಂಗಳಿಗೊಂದರಂತೆ ಹಾಡುಗಳನ್ನು ಬಿಟ್ಟಿಯಾಗಿ ಹಂಚಿದರು. ತಬಲಾ ನುಡಿಸುತ್ತಲೇ ಹಾಡುತ್ತಿದ್ದ ಅಸೀಮ್ ಚಕ್ರವರ್ತಿ ಅಷ್ಟರಲ್ಲಿ ತೀರಿಹೋಗಿದ್ದರು.

ಕಂಪನಿಯ ದುಡ್ಡಿಲ್ಲದವರಿಗೆ ಮೊದಲು ಒದಗಿದ್ದು ಮಿನಿ ಡಿವಿ ಕ್ಯಾಮೆರಾ. ಒಂದು ಗಂಟೆಯ ಟೇಪನ್ನು ಕಂಪ್ಯೂಟರಿಗೆ ಇಳಿಸಲು ಪೂರ್ತಿ ಒಂದು ಗಂಟೆ ಬೇಕು. ಚಿತ್ರವೋ, ಮದುವೆ ಕ್ಯಾಸೆಟ್ಟಿನ ಚಪ್ಪಟೆ ಬಣ್ಣ. 2008ರಲ್ಲಿ ಕೆನಾನ್ 5ಡಿ ಮಾರ್ಕ್ 2 ಬಂದ ಮೇಲೆ ಬಡ ಬ್ಯಾಂಡಿಗೂ ಹಿನ್ನೆಲೆ ಮಸುಕಾಗುವ ಸಿನಿಮಾ ನೋಟ ದಕ್ಕಿತು. ಮೊದಲಿಗೆ ಅದು ಸೆಕೆಂಡಿಗೆ 30 ಫ್ರೇಮ್ ಮಾತ್ರ ಹಿಡಿಯುತ್ತಿತ್ತು. ನಮ್ಮ ಟಿವಿಗೆ ಬೇಕಾದ 25, 2010ರ ಮಾರ್ಚಿನಲ್ಲಿ ಬಂದ ಹೊಸ ತಂತ್ರಾಂಶದಿಂದ ಸಾಧ್ಯವಾಯಿತು. ಇನ್ನೊಂದು ಲಾಭ ಕೆನಾನ್‌ನವರಿಗೂ ಹೊಳೆದಿರಲಿಕ್ಕಿಲ್ಲ. ನೋಡಲು ಅದು ಫೋಟೊ ಕ್ಯಾಮೆರಾ! ಪುರಾತತ್ವ ಇಲಾಖೆಯ ಸ್ಮಾರಕದಲ್ಲಿ ಟ್ರೈಪಾಡ್ ಊರಲು ಅನುಮತಿ ಬೇಕು. ಕೈಯಲ್ಲಿ ಹಿಡಿದ ಫೋಟೊ ಕ್ಯಾಮೆರಾವನ್ನು ಕಾವಲುಗಾರ ಗಮನಿಸುವುದೇ ಇಲ್ಲ. ದಿಲ್ಲಿಯ ಎಷ್ಟೋ ವಿಡಿಯೊಗಳಲ್ಲಿ ಚಿತ್ರ ಅಲುಗಾಡುವುದನ್ನು ಜನ ಶೈಲಿ ಅಂದುಕೊಂಡಿದ್ದಾರೆ.

ಬೆಂಗಳೂರಿನಿಂದ ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ಬಂದಿಳಿಯುತ್ತಿದ್ದ ತಂಡಗಳಿಗೆ ನೋಯ್ಡಾದ ಕಾಲೇಜಿನ ಕಾರ್ಯಕ್ರಮಕ್ಕೂ ವಾಪಸು ರೈಲಿಗೂ ನಡುವೆ ಸಿಗುವ ಬಿಡುವೇ ಶೂಟಿಂಗ್ ಸಮಯ. ಜಾಗ, ಅರ್ಧ ಕಟ್ಟಿ ನಿಲ್ಲಿಸಿದ ಯಾವುದೋ ಬಹುಮಹಡಿ ಕಟ್ಟಡ. ಜನರೇಟರ್ ಬಾಡಿಗೆಗೆ ದುಡ್ಡಿಲ್ಲ, ಕಾರಿನ ನಾಲ್ಕೂ ಬಾಗಿಲು ತೆರೆದು ಅದರ ಸ್ಟೀರಿಯೊದಲ್ಲೇ ಹಾಡು ಹಾಕುವುದು. ಡ್ರಮ್ಮರ್ ಹುರುಪಿನಲ್ಲಿ ನಿಜವಾಗಿಯೇ ಬಾರಿಸಿದರೆ ಆ ಹಾಡು ಯಾರಿಗೂ ಕೇಳಿಸದು. ಅದಕ್ಕೆ ಡ್ರಮ್ಮಿನ ಮೇಲೆ ಟವೆಲು ಹಾಸುತ್ತಿದ್ದೆವು. ಕೂದಲು ಹಾರುವುದು ನಿಧಾನವಾಗಿ ಕಾಣಬೇಕು, ತುಟಿ ಮಾತ್ರ ಹಾಡಿಗೆ ಹೊಂದಬೇಕು ಎಂದರೆ ಹಾಡನ್ನು ಎರಡು ಪಟ್ಟು ವೇಗದಲ್ಲಿ ಓಡಿಸಿ, 50 ಫ್ರೇಮಿನಲ್ಲಿ ಹಿಡಿದು, ಆಮೇಲೆ 25ಕ್ಕೆ ಇಳಿಸಬೇಕು. 2009ರ ಕೆನಾನ್ 7ಡಿಯಲ್ಲಿ ಆ ಸೌಕರ್ಯವಿತ್ತು. ಆಗ ಗಾಯಕ, ಮುಹೂರ್ತ ಮೀರಿದ ಮದುವೆಯಲ್ಲಿ ಮಂತ್ರ ಹೇಳುವ ಪುರೋಹಿತನಂತೆ ಬಡಬಡಿಸಬೇಕು. ಸಂಬಳವೆಂದರೆ ಒಂದು ತಟ್ಟೆ ರಾಜ್ಮಾ ಚಾವಲ್. ಸಂಕೋಚಪಡದೆ ಹೇಳುತ್ತೇನೆ: ಕಡಿಮೆ ಬಜೆಟ್ ಎಂಬುದರ ಅರ್ಥ ಬಹುಮಟ್ಟಿಗೆ, ನಮ್ಮಂಥವರಿಗೆ ಕೂಲಿಯಿಲ್ಲ ಎಂದೇ.

ಹಾಗಿದ್ದರೂ ಈ ಅಗ್ಗದ ವಿಡಿಯೊಗಳಿಂದ ಲೆಕ್ಕಾಚಾರವೇ ತಿರುಗುಮುರುಗಾಯಿತು. ಹಿಂದೆ ಊರೂರು ಸುತ್ತಿ ಹೆಸರು ಮಾಡಿದವರಿಗೆ ಕೊನೆಗೊಂದು ವಿಡಿಯೊ ಸಿಗುತ್ತಿತ್ತು. ಜಯಂತ್ ಭದೂಲಾ ಮತ್ತು ವಕೀಲಿಕೆ ಬಿಟ್ಟ ಕರಣ್ ಕಟಿಯಾರ್ 2016ರಲ್ಲಿ ದಿಲ್ಲಿಯಲ್ಲಿ ಶುರುಮಾಡಿದ ಬ್ಲಡಿವುಡ್ ತಂಡದ್ದು ಮೊದಲು ಯೂಟ್ಯೂಬ್, ವೇದಿಕೆ ಆಮೇಲೆ. ಖಿನ್ನತೆಯ ಬಗ್ಗೆ 2018ರಲ್ಲಿ ಮಾಡಿದ 'ಜೀ ವೀರೇ'ಯಂಥ ವಿಡಿಯೊಗಳನ್ನು ನೋಡಿಯೇ ಹೊರದೇಶದ ಜನ ಕರೆದರು. 2019ರಲ್ಲಿ ಅವರು ಜರ್ಮನಿಯ ವಾಕನ್ ಉತ್ಸವದಲ್ಲಿ ಧೋಲು ಬಾರಿಸಿದರು. ಚೊಚ್ಚಲ ಸ್ವಂತ ಆಲ್ಬಮ್ 'ರಕ್ಷಕ್' ಬಂದದ್ದು 2022ರಲ್ಲಿ.

ಯೂಟ್ಯೂಬಿನಲ್ಲಿ ಇರುವುದು ಉಳಿದೀತು. ಅದಕ್ಕೂ ಮುಂಚಿನ ಮಿನಿ ಡಿವಿ ಟೇಪುಗಳದ್ದೇ ಚಿಂತೆ. ದಿಲ್ಲಿಯಲ್ಲೋ ಬೆಂಗಳೂರಿನಲ್ಲೋ ಒಂದು ಕಾಲದಲ್ಲಿ ಬ್ಯಾಂಡು ಕಟ್ಟಿದ್ದವರು ಇದನ್ನು ಓದುತ್ತಿದ್ದರೆ ದಯವಿಟ್ಟು ಅಟ್ಟ ಹುಡುಕಿ. ತೇವಕ್ಕೆ ಟೇಪಿನಲ್ಲಿ ಬೂಷ್ಟು ಹಿಡಿಯುತ್ತದೆ, ಅದನ್ನು ಓಡಿಸುವ ಯಂತ್ರ ರಿಪೇರಿ ಮಾಡುವವರೂ ಕಡಿಮೆಯಾಗಿದ್ದಾರೆ. ಯಂತ್ರ ಸಿಕ್ಕಿದಾಗಲೇ ಹಾರ್ಡ್ ಡಿಸ್ಕಿಗೆ ಇಳಿಸಿಬಿಡಿ. ಜೊತೆಗೆ ಲೈಟು ಹಿಡಿದವರು ಯಾರೆಂಬುದನ್ನೂ ಬರೆದಿಡಿ.