ಹಾರುವ ನಕ್ಷತ್ರದ ದೂರ

ಅಕ್ಟೋಬರ್ ತಿಂಗಳ ಸಂಜೆ ಕತ್ತಲಾದ ಮೇಲೆ ಉತ್ತರಕ್ಕೆ ಮುಖ ಮಾಡಿ ತಲೆ ಎತ್ತಿದರೆ ರಾಜಹಂಸ ನಕ್ಷತ್ರಪುಂಜ ಕಾಣುತ್ತದೆ. ಅದರ ಬಾಲದಲ್ಲಿರುವ ಡೆನೆಬ್ ನಕ್ಷತ್ರ ಪೇಟೆಯ ದೀಪಗಳ ನಡುವೆಯೂ ಕಣ್ಣಿಗೆ ಬೀಳುತ್ತದೆ. ಡೆನೆಬ್‌ನಿಂದ ತುಸು ದೂರದಲ್ಲಿ ಇನ್ನೊಂದು ಚುಕ್ಕೆಯಿದೆ. ಹಳ್ಳಿಯ ಕತ್ತಲಲ್ಲಿ, ಚಂದ್ರನಿಲ್ಲದ ರಾತ್ರಿ, ಕಣ್ಣು ಕಿರಿದು ಮಾಡಿ ಹುಡುಕಿದರೆ ಮಾತ್ರ ಸಿಗುವಷ್ಟು ಮಂಕು. ಯಾವ ಪುರಾಣವೂ ಅದಕ್ಕೆ ಹೆಸರಿಟ್ಟಂತಿಲ್ಲ. ಇರುವುದು ಒಂದು ಸಂಖ್ಯೆ ಮಾತ್ರ: 61 ಸಿಗ್ನಿ. ಸೂರ್ಯನನ್ನು ಬಿಟ್ಟರೆ ಮನುಷ್ಯ ಮೊದಲು ನಂಬಿಕೆಯಿಂದ ದೂರ ಅಳೆದ ನಕ್ಷತ್ರ ಇದೇ.

ಈ ಅಳತೆಗಾಗಿ ಯುರೋಪು ಸುಮಾರು ಮುನ್ನೂರು ವರ್ಷ ಕಾದಿತ್ತು. 1543ರಲ್ಲಿ ಕೊಪರ್ನಿಕಸ್ ಭೂಮಿಯೇ ಸೂರ್ಯನನ್ನು ಸುತ್ತುತ್ತದೆ ಎಂದಾಗ ಒಂದು ಸರಳ ಪ್ರಶ್ನೆ ಎದ್ದಿತು. ಭೂಮಿ ಸುತ್ತುವುದು ನಿಜವಾದರೆ ಇವತ್ತು ನಾವು ನಿಂತ ಜಾಗಕ್ಕೂ ಆರು ತಿಂಗಳ ಬಳಿಕ ನಿಲ್ಲುವ ಜಾಗಕ್ಕೂ ನಡುವೆ ಮೂವತ್ತು ಕೋಟಿ ಕಿಲೋಮೀಟರ್ ಅಂತರವಿದೆ. ಹಾಗಿದ್ದರೆ ಹತ್ತಿರದ ನಕ್ಷತ್ರಗಳು ದೂರದವುಗಳ ಎದುರು ಕೊಂಚ ಸರಿದಂತೆ ಕಾಣಬೇಡವೇ? ಮೂಗಿನ ಮುಂದೆ ಬೆರಳು ಹಿಡಿದು ಒಂದೊಂದೇ ಕಣ್ಣು ಮುಚ್ಚಿದರೆ ಬೆರಳು ಜರುಗಿದಂತೆ ಕಾಣುತ್ತದಲ್ಲ, ಹಾಗೆ. ಈ ಜರುಗಾಟಕ್ಕೆ ಪ್ಯಾರಲ್ಯಾಕ್ಸ್ ಎಂದು ಹೆಸರು. ಟೈಕೊ ಬ್ರಾಹೆ ಅದನ್ನು ಹುಡುಕಿದ, ಸಿಗಲಿಲ್ಲ. ಭೂಮಿ ಚಲಿಸುವುದಿಲ್ಲ ಎಂಬ ಅವನ ವಾದಕ್ಕೆ ಅದೂ ಒಂದು ಆಧಾರವಾಯಿತು. 1720ರ ದಶಕದಲ್ಲಿ ಜೇಮ್ಸ್ ಬ್ರಾಡ್ಲಿ ಅದನ್ನೇ ಹುಡುಕುತ್ತ ಹೋಗಿ ಬೇರೊಂದನ್ನು ಕಂಡ. ಭೂಮಿಯ ಓಟದಿಂದಾಗಿ ನಕ್ಷತ್ರದ ಬೆಳಕೇ ಓರೆಯಾಗಿ ಬಂದಂತೆ ತೋರುವುದನ್ನು ಅವನು ಗುರುತಿಸಿದ. ಭೂಮಿ ಚಲಿಸುವುದಕ್ಕೆ ಸಾಕ್ಷಿ ಸಿಕ್ಕಿತು, ನಕ್ಷತ್ರದ ದೂರ ಮಾತ್ರ ಸಿಗಲಿಲ್ಲ.

ತೊಡಕು ಉಪಕರಣದಲ್ಲಷ್ಟೇ ಇರಲಿಲ್ಲ, ಯಾವ ನಕ್ಷತ್ರವನ್ನು ನೋಡಬೇಕು ಎಂಬ ಆಯ್ಕೆಯಲ್ಲೂ ಇತ್ತು. ಹೆಚ್ಚು ಹೊಳೆಯುವುದೇ ಹತ್ತಿರದ್ದು ಎಂದು ಭಾವಿಸುವುದು ಸಹಜ. ಈ ಭಾವನೆಯನ್ನು ಸಡಿಲಿಸಿದವರಲ್ಲಿ ಒಬ್ಬ ಸಿಸಿಲಿಯ ಪಲೆರ್ಮೊದಲ್ಲಿದ್ದ ಜುಸೆಪ್ಪೆ ಪಿಯಾಜಿ, 1801ರಲ್ಲಿ ಸಿರಿಸ್ ಎಂಬ ಕಿರುಗ್ರಹವನ್ನು ಕಂಡವನು. 61 ಸಿಗ್ನಿ ಹಿನ್ನೆಲೆಯ ನಕ್ಷತ್ರಗಳ ಎದುರು ವರ್ಷಕ್ಕೆ ಐದು ಆರ್ಕ್‌ಸೆಕೆಂಡಿಗೂ ಹೆಚ್ಚು ಸರಿಯುತ್ತಿದೆ ಎಂಬುದನ್ನು ಅವನು ಗಮನಿಸಿದ. ಒಂದು ಆರ್ಕ್‌ಸೆಕೆಂಡ್ ಎಂದರೆ ಒಂದು ಡಿಗ್ರಿಯನ್ನು 3600 ಪಾಲು ಮಾಡಿದಾಗ ಸಿಗುವ ಒಂದು ಪಾಲು. ಈ ವೇಗದಲ್ಲಿ ಹುಣ್ಣಿಮೆ ಚಂದ್ರನ ಅಗಲವನ್ನು ದಾಟಲು ಸುಮಾರು 350 ವರ್ಷ ಬೇಕು. ನಮಗದು ಆಮೆಯ ನಡಿಗೆ, ನಕ್ಷತ್ರಗಳ ಲೆಕ್ಕದಲ್ಲಿ ಓಟ. ಹಾಗಾಗಿ ಅದಕ್ಕೆ ‘ಹಾರುವ ನಕ್ಷತ್ರ’ ಎಂಬ ಅಡ್ಡಹೆಸರು ಬಂತು. ರಸ್ತೆಬದಿಯ ಮರ ಸರ್ರನೆ ಹಿಂದೆ ಓಡುತ್ತದೆ, ದೂರದ ಬೆಟ್ಟ ನಿಂತಲ್ಲೇ ನಿಂತಿರುತ್ತದೆ. ಬೇಗ ಸರಿಯುವುದು ಹತ್ತಿರವಿರಬೇಕು.

ಈ ಸುಳಿವನ್ನು ಹಿಡಿದವನು ಫ್ರೀಡ್ರಿಕ್ ಬೆಸೆಲ್. 1784ರಲ್ಲಿ ಜರ್ಮನಿಯ ಮಿಂಡೆನ್‌ನಲ್ಲಿ ಹುಟ್ಟಿದ ಅವನು ಹದಿನಾಲ್ಕನೆಯ ವಯಸ್ಸಿನಲ್ಲೇ ಶಾಲೆ ಬಿಟ್ಟು ಬ್ರೆಮೆನ್‌ನ ವ್ಯಾಪಾರಿ ಸಂಸ್ಥೆಯೊಂದಕ್ಕೆ ಕೆಲಸ ಕಲಿಯಲು ಸೇರಿದ. ಹಗಲು ಲೆಕ್ಕಪತ್ರ, ರಾತ್ರಿ ಖಗೋಳ ಗಣಿತ. 1804ರಲ್ಲಿ ಹ್ಯಾಲಿ ಧೂಮಕೇತುವಿನ ಪಥವನ್ನು ಲೆಕ್ಕಹಾಕಿ, ವೈದ್ಯನೂ ಖಗೋಳಜ್ಞನೂ ಆಗಿದ್ದ ಓಲ್ಬರ್ಸ್‌ನ ಮುಂದಿಟ್ಟ. ಅಲ್ಲಿಂದ ಅವನ ದಾರಿ ಬದಲಾಯಿತು. ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತದೆಯೇ ಅವನು ಕೋನಿಗ್ಸ್‌ಬರ್ಗ್‌ನ ವೀಕ್ಷಣಾಲಯದ ಮುಖ್ಯಸ್ಥನಾದ.

ಅವನ ಕೈಗೆ ಸಿಕ್ಕ ಉಪಕರಣವೂ ಅಸಾಮಾನ್ಯವಾಗಿತ್ತು. ಗಾಜಿನ ಕೆಲಸಗಾರನ ಮಗನಾಗಿ ಹುಟ್ಟಿ ಬಾಲ್ಯದಲ್ಲೇ ಅನಾಥನಾದ ಯೋಸೆಫ್ ಫ್ರೌನ್‌ಹೋಫರ್ ರೂಪಿಸಿದ ಹೀಲಿಯೊಮೀಟರ್ ಅದು. ಅದರ ಮಸೂರವನ್ನು ನಟ್ಟನಡುವೆ ಎರಡು ಹೋಳಾಗಿ ಸೀಳಲಾಗಿತ್ತು. ಒಂದು ಹೋಳನ್ನು ತಿರುಪಿನಿಂದ ಸರಿಸುತ್ತ ಹೋದರೆ ಎರಡು ನಕ್ಷತ್ರಗಳ ಬಿಂಬಗಳು ಒಂದರ ಮೇಲೊಂದು ಬಂದು ಕೂರುತ್ತವೆ. ತಿರುಪು ಎಷ್ಟು ತಿರುಗಿತು ಎಂಬುದೇ ಅವುಗಳ ನಡುವಿನ ಅಂತರದ ಅಳತೆ. ಫ್ರೌನ್‌ಹೋಫರ್ 1826ರಲ್ಲೇ ತೀರಿಕೊಂಡ. ಉಪಕರಣ ಕೋನಿಗ್ಸ್‌ಬರ್ಗ್‌ನಲ್ಲಿ ನೆಲೆಗೊಂಡದ್ದು 1829ರಲ್ಲಿ.

1837ರ ಆಗಸ್ಟ್‌ನಿಂದ ಒಂದು ವರ್ಷಕ್ಕೂ ಮೀರಿ ಬೆಸೆಲ್ 61 ಸಿಗ್ನಿಯನ್ನು ಅದರ ಪಕ್ಕದ ಎರಡು ಮಂಕು ನಕ್ಷತ್ರಗಳಿಗೆ ಹೋಲಿಸಿದ. ಮೋಡವಿಲ್ಲದ ರಾತ್ರಿಗಳಲ್ಲಿ ಅದೇ ಅಳತೆಯನ್ನು ಮತ್ತೆ ಮತ್ತೆ ತೆಗೆದ. 1838ರ ಅಕ್ಟೋಬರ್‌ನಲ್ಲಿ ಫಲಿತಾಂಶವನ್ನು ಜಾನ್ ಹರ್ಷೆಲ್‌ಗೆ ಪತ್ರದಲ್ಲಿ ತಿಳಿಸಿದ. ಪ್ಯಾರಲ್ಯಾಕ್ಸ್ 0.314 ಆರ್ಕ್‌ಸೆಕೆಂಡ್. ಎರಡೂವರೆ ಸೆಂಟಿಮೀಟರ್ ಅಗಲದ ನಾಣ್ಯವನ್ನು 16 ಕಿಲೋಮೀಟರ್ ಆಚೆ ಇಟ್ಟರೆ ಅದು ತೋರುವಷ್ಟು ಚಿಕ್ಕ ಕೋನ. ಅದರಂತೆ ನಕ್ಷತ್ರದ ದೂರ ಸುಮಾರು ಹತ್ತು ಜ್ಯೋತಿರ್ವರ್ಷ. ಇಂದಿನ ಅಳತೆ 11.4.

ಅವನೊಬ್ಬನೇ ಓಟದಲ್ಲಿರಲಿಲ್ಲ. ಫ್ರೀಡ್ರಿಕ್ ಸ್ಟ್ರೂವ 1837ರಲ್ಲೇ ಅಭಿಜಿತ್ ನಕ್ಷತ್ರಕ್ಕೆ ಒಂದು ಬೆಲೆ ಪ್ರಕಟಿಸಿದ್ದ, ಆಮೇಲೆ ಅದನ್ನು ತಾನೇ ದುಪ್ಪಟ್ಟು ಮಾಡಿದ. ಮೊದಲಿನದೇ ಸತ್ಯಕ್ಕೆ ಹತ್ತಿರವಿತ್ತು ಎಂಬುದು ಈಗ ನಮಗೆ ಗೊತ್ತು. ಥಾಮಸ್ ಹೆಂಡರ್ಸನ್ ದಕ್ಷಿಣ ಆಫ್ರಿಕದ ಕೇಪ್‌ನಿಂದ ಆಲ್ಫಾ ಸೆಂಟಾರಿಯನ್ನು ಮೊದಲೇ ನೋಡಿದ್ದರೂ ಫಲಿತಾಂಶ ಪ್ರಕಟಿಸಿದ್ದು 1839ರಲ್ಲಿ. ಬೆಸೆಲ್‌ನನ್ನು ಜನ ನಂಬಿದ್ದಕ್ಕೆ ಕಾರಣ ಅವನ ಅಂಕಿಗಳ ಹಿಂದಿದ್ದ ರಾತ್ರಿಗಳ ಸಾಲು. 1841ರಲ್ಲಿ ಲಂಡನ್ನಿನ ರಾಯಲ್ ಅಸ್ಟ್ರನಾಮಿಕಲ್ ಸೊಸೈಟಿ ಅವನಿಗೆ ಚಿನ್ನದ ಪದಕ ಕೊಟ್ಟಿತು.

ದೂರ ತಿಳಿಯದಿದ್ದರೆ ನಕ್ಷತ್ರದ ಬಗ್ಗೆ ತಿಳಿಯುವುದು ಬಹಳ ಕಡಿಮೆ. ಕತ್ತಲಲ್ಲಿ ಕಂಡ ಮಿಣುಕು ಹತ್ತಿರದ ಹಣತೆಯೋ ದೂರದ ಕಾಳ್ಗಿಚ್ಚೋ ಹೇಳುವುದು ಹೇಗೆ? 61 ಸಿಗ್ನಿ ನಿಜವಾಗಿ ಹಣತೆಯೇ. ಅದು ಒಂದಲ್ಲ, ಎರಡು. ಸುಮಾರು ಏಳು ಶತಮಾನಕ್ಕೊಮ್ಮೆ ಒಂದನ್ನೊಂದು ಸುತ್ತುವ ಕಿತ್ತಳೆ ಬಣ್ಣದ ಜೋಡಿ. ಬೆಸೆಲ್ ನೋಡಿದ ಮೇಲೆ ಅವು ಇನ್ನೂ ಅರ್ಧ ಸುತ್ತನ್ನೂ ಮುಗಿಸಿಲ್ಲ. ದೊಡ್ಡದು ಸೂರ್ಯನ ಬೆಳಕಿನ ಶೇಕಡ 15ರಷ್ಟು, ಚಿಕ್ಕದು ಸುಮಾರು 9ರಷ್ಟು ಸೂಸುತ್ತದೆ. ಎರಡರ ದ್ರವ್ಯರಾಶಿಯೂ ಸೂರ್ಯನದ್ದರ ಮುಕ್ಕಾಲಿಗಿಂತ ಕಡಿಮೆ. ಸೂರ್ಯನ ಚಟುವಟಿಕೆ 11 ವರ್ಷಕ್ಕೊಮ್ಮೆ ಏರಿಳಿಯುವಂತೆ, ದೊಡ್ಡದರದ್ದು ಸುಮಾರು 7 ವರ್ಷಕ್ಕೊಮ್ಮೆ ಏರಿಳಿಯುತ್ತದೆ. ನಮ್ಮ ಸೂರ್ಯನನ್ನೇ ಅಷ್ಟು ದೂರಕ್ಕೆ ಒಯ್ದಿಟ್ಟರೆ ಧ್ರುವನಕ್ಷತ್ರಕ್ಕಿಂತ ತುಸು ಮಂಕಾಗಿ ಕಂಡಾನು. ಪಕ್ಕದ ಡೆನೆಬ್ ಆದರೋ ಸಾವಿರಕ್ಕೂ ಹೆಚ್ಚು ಜ್ಯೋತಿರ್ವರ್ಷದಾಚೆ ಉರಿಯುತ್ತಿರುವ ಕಾಳ್ಗಿಚ್ಚು. ಒಂದೇ ಹಂಸದ ಮೈಮೇಲೆ ಅಕ್ಕಪಕ್ಕ ಕಾಣುವ ಈ ಎರಡು ಚುಕ್ಕೆಗಳಿಗೆ ಪರಸ್ಪರ ಸಂಬಂಧವೇ ಇಲ್ಲ ಎಂದು ತಿಳಿಸುವುದು ದೂರದ ಲೆಕ್ಕವೇ.

ಬೆಸೆಲ್ ದುಡಿದ ವೀಕ್ಷಣಾಲಯ ಈಗಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಬಾಂಬ್ ಬಿದ್ದು ಹಾಳಾಯಿತು. ಊರಿನ ಹೆಸರೂ ಕಲಿನಿನ್‌ಗ್ರಾಡ್ ಎಂದು ಬದಲಾಗಿ ಅದು ರಷ್ಯಕ್ಕೆ ಸೇರಿದೆ. ಆದರೆ 2013ರಲ್ಲಿ ಹಾರಿದ ಗಾಯಾ ಉಪಗ್ರಹ ನೂರು ಕೋಟಿಗೂ ಮಿಕ್ಕಿದ ನಕ್ಷತ್ರಗಳ ದೂರ ಅಳೆದದ್ದು ಅದೇ ಉಪಾಯದಿಂದ: ಒಮ್ಮೆ ನೋಡು, ಭೂಮಿಯ ಜೊತೆ ಸೂರ್ಯನ ಆಚೆ ಬದಿಗೆ ಹೋಗು, ಮತ್ತೆ ನೋಡು. ಆ ಉದ್ದದ ಪಟ್ಟಿಯ ಮೊದಲ ಸಾಲಿನಲ್ಲಿ ಇರುವುದು ಊರಿನ ಬೆಳಕಿನಲ್ಲಿ ನಮಗೆ ಕಾಣದೇ ಹೋಗುವ ಒಂದು ನಕ್ಷತ್ರ.