ವೈಟ್‌ವಾಟರ್ ಕೆನೂ

ವೈಟ್‌ವಾಟರ್ ಕೆನೂ ಎಂಬುದು ಬಂಡೆಗಳ ನಡುವೆ ರಭಸದಿಂದ ಹರಿಯುವ ನದಿಗಳಲ್ಲಿ ನಡೆಸಲೆಂದು ರೂಪಿಸಲಾದ, ಎರಡೂ ತುದಿಗಳು ಕಿರಿದಾಗಿರುವ ದೋಣಿ. ಇಂತಹ ಹರಿವಿನಲ್ಲಿ ಗಾಳಿಯ ಗುಳ್ಳೆಗಳು ಬೆರೆತು ನೀರು ನೊರೆನೊರೆಯಾಗಿ ಬೆಳ್ಳಗೆ ಕಾಣುವುದರಿಂದ ಅದಕ್ಕೆ ‘ವೈಟ್‌ವಾಟರ್’ ಎಂಬ ಹೆಸರು ಬಂದಿದೆ. ಕೆನೂ ನಡೆಸುವವರು ಮಂಡಿಯೂರಿ ಕುಳಿತು ಒಂದೇ ಅಲಗಿನ ಹುಟ್ಟನ್ನು ಬಳಸುತ್ತಾರೆ. ಕಯಾಕ್‌ನಲ್ಲಿ ಕಾಲು ಚಾಚಿ ಕುಳಿತು, ಎರಡೂ ತುದಿಗಳಲ್ಲಿ ಅಲಗಿರುವ ಹುಟ್ಟನ್ನು ಬಳಸಲಾಗುತ್ತದೆ. ಕರ್ನಾಟಕದ ಹರಿಗೋಲಿಗೂ ಒಂದೇ ಅಲಗಿನ ಹುಟ್ಟು ಬಳಕೆಯಲ್ಲಿದೆ. ಆದರೆ ಹರಿಗೋಲು ದುಂಡಗಿನದು, ಕೆನೂ ನೀಳವಾದದ್ದು.

ಇತಿಹಾಸ

ಕೆನೂ ಉತ್ತರ ಅಮೆರಿಕದ ಮೂಲನಿವಾಸಿಗಳ ದೋಣಿ. ಮರದ ಚೌಕಟ್ಟಿಗೆ ಬರ್ಚ್ ಮರದ ತೊಗಟೆಯನ್ನು ಹೊದಿಸಿ, ಬೇರಿನ ನಾರಿನಿಂದ ಹೊಲಿದು, ಹೊಲಿಗೆಗಳಿಗೆ ಮರದ ಅಂಟು ಬಳಿದು ಅದನ್ನು ಸಿದ್ಧಪಡಿಸಲಾಗುತ್ತಿತ್ತು. ಎರಡನೆಯ ಮಹಾಯುದ್ಧದ ಬಳಿಕ ವಿಮಾನ ತಯಾರಿಕಾ ಸಂಸ್ಥೆಯಾದ ಗ್ರಮನ್ ಅಲ್ಯೂಮಿನಿಯಂ ಕೆನೂಗಳನ್ನು ಮಾರುಕಟ್ಟೆಗೆ ತಂದಿತು. ಇವು ಗಟ್ಟಿಮುಟ್ಟಾಗಿದ್ದರೂ ಬಂಡೆಗೆ ತಗುಲಿದಾಗ ಜಾರದೆ ಕಚ್ಚಿಕೊಳ್ಳುತ್ತಿದ್ದವು. ಅನಂತರ ಬಂದ ರಾಯಲೆಕ್ಸ್ ಎಂಬ ಪದರ ಪ್ಲಾಸ್ಟಿಕ್ ಹೊಡೆತಕ್ಕೆ ಬಾಗಿ ಮತ್ತೆ ಮೂಲ ಆಕಾರಕ್ಕೆ ಮರಳುತ್ತಿದ್ದುದರಿಂದ ಹಲವು ದಶಕಗಳ ಕಾಲ ಜನಪ್ರಿಯವಾಗಿತ್ತು. 2014ರಲ್ಲಿ ಅದರ ತಯಾರಿಕೆ ನಿಂತ ಮೇಲೆ ಕೆನಡಾದ ಎಸ್ಕ್ವಿಫ್ ಸಂಸ್ಥೆಯು ಟಿ-ಫಾರ್ಮೆಕ್ಸ್ ಎಂಬ ಬದಲಿ ವಸ್ತುವನ್ನು ರೂಪಿಸಿತು. ಪಾಲಿಎಥಿಲೀನ್ ಕೂಡ ಇಂದು ವ್ಯಾಪಕವಾಗಿ ಬಳಕೆಯಲ್ಲಿದೆ. ಅದು ಅಗ್ಗವೂ ಬಾಳಿಕೆ ಬರುವಂಥದ್ದೂ ಹೌದು, ಆದರೆ ಭಾರ ಹೆಚ್ಚು.

ವಿಧಗಳು

* ತೆರೆದ ಒಂಟಿ ಕೆನೂ (ಓಸಿ-1): ಒಬ್ಬರು ನಡೆಸುವಂಥದ್ದು, ಮೇಲುಹೊದಿಕೆ ಇರುವುದಿಲ್ಲ.
* ತೆರೆದ ಜೋಡಿ ಕೆನೂ (ಓಸಿ-2): ಇಬ್ಬರು ಹಿಂದೆ ಮುಂದೆ ಕುಳಿತು ನಡೆಸುವಂಥದ್ದು.
* ಮುಚ್ಚಿದ ಕೆನೂ (ಸಿ-1): ಹೊರನೋಟಕ್ಕೆ ಕಯಾಕ್‌ನಂತೆ ಕಂಡರೂ ಮಂಡಿಯೂರಿ ನಡೆಸುವಂಥದ್ದು. ಸೊಂಟದ ಸುತ್ತಲಿನ ಹೊದಿಕೆ ನೀರು ಒಳನುಗ್ಗದಂತೆ ತಡೆಯುತ್ತದೆ.

ಸ್ಲಾಲಂ ಸ್ಪರ್ಧೆಗಳಲ್ಲಿ ಬಳಸುವುದು ಮುಚ್ಚಿದ ಕೆನೂ. ಸ್ಲಾಲಂ ಮೊದಲ ಬಾರಿಗೆ 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಸೇರಿ, 1992ರ ಬಾರ್ಸಿಲೋನಾ ಕೂಟದಲ್ಲಿ ಮರಳಿತು. ಮಹಿಳೆಯರ ಸಿ-1 ಸ್ಪರ್ಧೆಯನ್ನು 2020ರ ಟೋಕಿಯೊ ಒಲಿಂಪಿಕ್ಸ್‌ಗೆ ಸೇರಿಸಲಾಯಿತು. ಅದರ ಮೊದಲ ಚಿನ್ನವನ್ನು ಆಸ್ಟ್ರೇಲಿಯಾದ ಜೆಸಿಕಾ ಫಾಕ್ಸ್ ಗೆದ್ದರು.

ವಿನ್ಯಾಸ

ದೋಣಿಯ ನಡವಳಿಕೆಯನ್ನು ಮುಖ್ಯವಾಗಿ ನಾಲ್ಕು ಅಂಶಗಳು ನಿರ್ಧರಿಸುತ್ತವೆ.

* ಉದ್ದ: ಹಿಂದಿನ ಒಂಟಿ ಕೆನೂಗಳು ಸಾಮಾನ್ಯವಾಗಿ 11ರಿಂದ 13 ಅಡಿ ಉದ್ದವಿದ್ದವು. ಈಚಿನ ಅನೇಕ ಮಾದರಿಗಳು 8ರಿಂದ 10 ಅಡಿಯವು. ಉದ್ದದ ದೋಣಿ ವೇಗವಾಗಿ ಸಾಗುತ್ತದೆ, ಗಿಡ್ಡ ದೋಣಿ ಬೇಗ ತಿರುಗುತ್ತದೆ.
* ರಾಕರ್: ತಳವು ನಡುವಿನಿಂದ ತುದಿಗಳತ್ತ ಮೇಲಕ್ಕೆ ಬಾಗಿರುವ ಪ್ರಮಾಣ. ಬಾಗು ಹೆಚ್ಚಿದಷ್ಟೂ ತಿರುಗಿಸುವುದು ಸುಲಭ, ನೇರವಾಗಿ ನಡೆಸುವುದು ಕಷ್ಟ.
* ಅಡ್ಡಸೀಳಿಕೆ: ಚಪ್ಪಟೆ ತಳವು ಶಾಂತ ನೀರಿನಲ್ಲಿ ಅಲುಗದೆ ನಿಲ್ಲುತ್ತದೆ. ಇದು ಪ್ರಾಥಮಿಕ ಸ್ಥಿರತೆ. ತುಸು ದುಂಡಾದ ತಳವು ಆರಂಭದಲ್ಲಿ ಅಳ್ಳಾಡಿದರೂ ಪಕ್ಕಕ್ಕೆ ವಾಲಿಸಿದಾಗ ಆಸರೆ ಕೊಡುತ್ತದೆ. ಇದು ದ್ವಿತೀಯ ಸ್ಥಿರತೆ.
* ಚೈನ್: ತಳವೂ ಬದಿಯೂ ಕೂಡುವ ಅಂಚು. ಚೂಪಾದ ಅಂಚು ನೀರನ್ನು ಕೊರೆದು ನಿಖರವಾಗಿ ತಿರುಗುತ್ತದೆ. ಆದರೆ ತಪ್ಪು ಬದಿಗೆ ವಾಲಿದರೆ ಹರಿವು ಅದನ್ನು ಹಿಡಿದು ದೋಣಿಯನ್ನು ಥಟ್ಟನೆ ಮಗುಚುತ್ತದೆ. ದುಂಡಾದ ಅಂಚು ತಪ್ಪುಗಳನ್ನು ಸಹಿಸುತ್ತದೆ.

ಮೊದಲ ಕೆನೂವಿನ ಆಯ್ಕೆ

ಕ್ರೀಡಾಪಟುವಾಗಿರುವ ಯುವ ಕಲಿಕೆಗಾರರಿಗೆ ಮೊದಲ ದೋಣಿಯನ್ನು ಆರಿಸುವಾಗ ದೇಹಬಲಕ್ಕಿಂತ ದೇಹತೂಕವನ್ನೂ ಕೌಶಲದ ಮಟ್ಟವನ್ನೂ ಮುಖ್ಯವಾಗಿ ಪರಿಗಣಿಸಬೇಕಾಗುತ್ತದೆ. ಹರಿಯುವ ನೀರಿನ ಒತ್ತಡವು ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ: ವೇಗ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟಾಗುತ್ತದೆ. ಅದಕ್ಕೆ ತೋಳಿನ ಬಲ ಸಾಟಿಯಾಗದು. ಬಂಡೆಯ ಹಿಂದಿನ ನಿಧಾನ ನೀರಿನಿಂದ ಮುಖ್ಯ ಹರಿವಿಗೆ ಬರುವಾಗ ದೋಣಿಯನ್ನು ಕೆಳಹರಿವಿನ ಕಡೆಗೆ, ಅಂದರೆ ತಿರುವಿನ ಒಳಮಗ್ಗುಲಿಗೆ ವಾಲಿಸಬೇಕು. ಈ ಸಮಯಜ್ಞಾನ ಅಭ್ಯಾಸದಿಂದ ಮಾತ್ರ ಬರುತ್ತದೆ.

ಬಲಶಾಲಿಗಳಾದ ಹೊಸಬರು ಚುರುಕಾದ, ಅತಿ ಗಿಡ್ಡ ದೋಣಿಗಳತ್ತ ಆಕರ್ಷಿತರಾಗುವುದುಂಟು. ಅಂತಹ ದೋಣಿಗಳಲ್ಲಿ ವೇಗ ಕಡಿಮೆ, ಸಣ್ಣ ತಪ್ಪಿಗೂ ಮಗುಚುವ ಸಂಭವ ಹೆಚ್ಚು. ಹೀಗಾಗಿ ಮೊದಲ ದೋಣಿಗೆ ಮಧ್ಯಮ ಉದ್ದ, ಮಧ್ಯಮ ರಾಕರ್, ಉತ್ತಮ ದ್ವಿತೀಯ ಸ್ಥಿರತೆ ಮತ್ತು ದುಂಡಾದ ಚೈನ್ ಸೂಕ್ತ. ಬಲವಂತನಿಗೂ ಇದರಲ್ಲಿ ಕಲಿಯಲು ಸಾಕಷ್ಟಿರುತ್ತದೆ.

ದೋಣಿಯ ಗಾತ್ರ ನಡೆಸುವವರ ತೂಕಕ್ಕೆ ಹೊಂದಬೇಕು. ಹಗುರ ದೇಹದವರಿಗೆ ದೊಡ್ಡ ದೋಣಿಯನ್ನು ವಾಲಿಸುವುದು ಕಷ್ಟ. ಗಾಳಿಯೂ ಅದನ್ನು ಎಳೆದಾಡುತ್ತದೆ. ಭಾರದವರು ಸಣ್ಣ ದೋಣಿಯಲ್ಲಿ ಕುಳಿತರೆ ಅದು ಆಳಕ್ಕೆ ಇಳಿದು ಪ್ರತಿ ಅಲೆಗೂ ನೀರು ತುಂಬಿಕೊಳ್ಳುತ್ತದೆ. ಇನ್ನೂ ಬೆಳೆಯುತ್ತಿರುವ ಹದಿಹರೆಯದವರು ಒಂದೆರಡು ವರ್ಷಗಳಲ್ಲಿ ದೋಣಿ ಬದಲಿಸಬೇಕಾಗಬಹುದಾದ್ದರಿಂದ ಬಳಸಿದ ದೋಣಿಯನ್ನು ಕೊಳ್ಳುವುದು ರೂಢಿಯಲ್ಲಿದೆ. ಆಗ ತುದಿಗಳ ಸವೆತ, ತಳದ ಬಿರುಕು, ಒತ್ತಿದರೆ ಮೆತ್ತಗಾಗುವ ಜಾಗಗಳು, ಆಸನದ ಅಂಟು ಮತ್ತು ಗಾಳಿಚೀಲಗಳ ಸೋರಿಕೆಯನ್ನು ಪರೀಕ್ಷಿಸಲಾಗುತ್ತದೆ. ನದಿಯ ದಂಡೆಯಲ್ಲಿ ಹೊತ್ತು ನಡೆಯಬೇಕಾಗುವುದರಿಂದ ದೋಣಿಯ ತೂಕವೂ ಗಮನಾರ್ಹ.

ಒಳಜೋಡಣೆ ಮತ್ತು ಸುರಕ್ಷತೆ

ಒಂದು ಲೀಟರ್ ನೀರು ಒಂದು ಕಿಲೋಗ್ರಾಂ ತೂಗುವುದರಿಂದ ನೀರು ತುಂಬಿದ ತೆರೆದ ಕೆನೂ ನೂರಾರು ಕಿಲೋಗ್ರಾಂ ಭಾರವಾಗುತ್ತದೆ. ಅದು ಬಂಡೆಗೆ ಅಡ್ಡಲಾಗಿ ಸಿಲುಕಿದರೆ ಹರಿವು ಅದನ್ನು ಬಂಡೆಯ ಸುತ್ತ ಮಡಚಿಬಿಡಬಲ್ಲದು. ಆದ್ದರಿಂದ ಮುಂದೆ ಹಿಂದೆ ಗಾಳಿಚೀಲಗಳನ್ನಿಟ್ಟು ಹಗ್ಗದ ಜಾಲದಿಂದ ಬಿಗಿಯಲಾಗುತ್ತದೆ. ಚೀಲಗಳು ಆಕ್ರಮಿಸಿದ ಜಾಗಕ್ಕೆ ನೀರು ನುಗ್ಗದು.

ನಡೆಸುವವರು ನಡುವಿನ ಫೋಮ್ ಆಸನವನ್ನು ಕುದುರೆಯ ಜೀನಿನಂತೆ ತೊಡೆಗಳ ನಡುವೆ ಇಟ್ಟು ಮಂಡಿಯೂರುತ್ತಾರೆ. ಸಾಮಾನ್ಯ ಬೆಂಚಿನಂಥ ಆಸನ ತಗ್ಗಾಗಿದ್ದರೆ ಮಗುಚಿದಾಗ ಪಾದಗಳು ಅದರಡಿ ಸಿಲುಕುವ ಅಪಾಯವಿದೆ. ತೊಡೆಯ ಪಟ್ಟಿಗಳು ದೋಣಿಯ ಮೇಲೆ ಹಿಡಿತ ಕೊಡುತ್ತವೆ, ಆದರೆ ತಲೆಕೆಳಗಾದಾಗ ಅವುಗಳಿಂದ ಕೂಡಲೇ ಬಿಡಿಸಿಕೊಳ್ಳಲು ಸಾಧ್ಯವಾಗಬೇಕು. ಹೊರಬರುವ ಕ್ರಮವನ್ನು ಮೊದಲು ನಿಂತ ನೀರಿನಲ್ಲಿ, ಜೊತೆಗೊಬ್ಬರಿರುವಾಗ ಅಭ್ಯಾಸ ಮಾಡಿಸಲಾಗುತ್ತದೆ. ಲೈಫ್ ಜಾಕೆಟ್ ಮತ್ತು ಹೆಲ್ಮೆಟ್ ಕಡ್ಡಾಯವೆಂದೇ ಪರಿಗಣಿತ. ರಭಸದ ನೀರಿಗೆ ಬಿದ್ದವರು ಎದ್ದು ನಿಲ್ಲಲು ಯತ್ನಿಸಬಾರದು. ಪಾದ ಬಂಡೆಗಳ ಸಂದಿಗೆ ಸಿಲುಕಿದರೆ ಹರಿವು ದೇಹವನ್ನು ಮುಂದಕ್ಕೆ ಕೆಡವಿ ಮುಳುಗಿಸುತ್ತದೆ. ಬೆನ್ನ ಮೇಲೆ ತೇಲುತ್ತ ಪಾದಗಳನ್ನು ಕೆಳಹರಿವಿನ ಕಡೆಗೆ ಎತ್ತಿ ಹಿಡಿಯುವುದು ಸುರಕ್ಷಿತ ಕ್ರಮ.

ಕಲಿಕೆ

ನದಿಯ ಕಾಠಿಣ್ಯವನ್ನು ಅಂತರರಾಷ್ಟ್ರೀಯವಾಗಿ 1ರಿಂದ 6ರವರೆಗಿನ ದರ್ಜೆಗಳಲ್ಲಿ ಗುರುತಿಸಲಾಗುತ್ತದೆ. ಹೊಸಬರ ಕಲಿಕೆ ನಿಂತ ನೀರಿನಲ್ಲಿ ಆರಂಭವಾಗಿ 1 ಮತ್ತು 2ನೆಯ ದರ್ಜೆಯ ಹರಿವಿನಲ್ಲಿ ಮುಂದುವರಿಯುತ್ತದೆ. ನೀರಿನ ಮಟ್ಟ ಏರಿದಾಗ ಅದೇ ನದಿಯ ದರ್ಜೆಯೂ ಬದಲಾಗಬಹುದು. ಕೆನಡಾದ ಮಡವಾಸ್ಕಾ ಕನೂ ಸೆಂಟರ್ ಹಾಗೂ ಅಮೆರಿಕದ ನಾಂಟಹಾಲಾ ಔಟ್‌ಡೋರ್ ಸೆಂಟರ್, ಎರಡೂ 1972ರಲ್ಲಿ ಆರಂಭವಾದ ಹೆಸರಾಂತ ತರಬೇತಿ ಕೇಂದ್ರಗಳು. ಇಂತಹ ಕಡೆ ಬೇರೆ ಬೇರೆ ದೋಣಿಗಳನ್ನು ನಡೆಸಿ ನೋಡಿದ ಬಳಿಕ ಕೊಳ್ಳುವುದರಿಂದ ತೂಕಕ್ಕೂ ಮೈಕಟ್ಟಿಗೂ ಒಗ್ಗುವ ದೋಣಿ ಯಾವುದೆಂಬುದು ಸ್ಪಷ್ಟವಾಗುತ್ತದೆ.