ಹಿತ್ತಿಲ ಹೂವಿನ ತವರುಮನೆ

ಶ್ರಾವಣದ ರಾತ್ರಿ ಹತ್ತು ಗಂಟೆಗೆ ಬಸವನಗುಡಿಯ ನಮ್ಮ ಹಳೆಯ ಮನೆಯ ಬಾಗಿಲನ್ನು ಯಾರಾದರೂ ತಟ್ಟಿದರೆ ನಾವು ಗಾಬರಿಯಾಗುತ್ತಿರಲಿಲ್ಲ. ಬಂದವರು ಬ್ರಹ್ಮಕಮಲ ನೋಡಲು ಬಂದವರೆಂದು ಗೊತ್ತಿರುತ್ತಿತ್ತು. ಮೊಗ್ಗು ಕತ್ತು ಎತ್ತಿದ ಸಂಜೆಯೇ ಅಜ್ಜಿ ಅಕ್ಕಪಕ್ಕದ ನಾಲ್ಕು ಮನೆಗೆ ಹೇಳಿಕಳುಹಿಸುತ್ತಿದ್ದರು. ಹಿತ್ತಿಲಿನಲ್ಲಿ ಚಾಪೆ ಹಾಸಿ, ಬಂದವರಿಗೆ ಬಿಸಿಬಿಸಿ ಕಾಫಿ ಕೊಟ್ಟು, ಹೂವಿಗೆ ಅರಿಶಿನ ಕುಂಕುಮ ಏರಿಸಿ ಎಲ್ಲರೂ ಕಾಯುತ್ತ ಕೂರುವುದು. ನಡುರಾತ್ರಿಯ ಹೊತ್ತಿಗೆ ಅಂಗೈಯಗಲದ ಬಿಳಿ ಹೂ ಪೂರ್ತಿ ಬಿಚ್ಚಿಕೊಳ್ಳುವುದು. ಬೆಳಗಾಗುವಷ್ಟರಲ್ಲಿ ಬಾಡಿ ಜೋತುಬೀಳುವುದು. ಇಷ್ಟಕ್ಕಾಗಿ ಅರ್ಧ ಬೀದಿ ನಿದ್ದೆಗೆಡುತ್ತಿತ್ತು!

ಕಾಲೇಜಿಗೆ ಸೇರಿದ ಹೊಸದರಲ್ಲಿ ನಾನು ಒಂದು ಪುಸ್ತಕದಲ್ಲಿ ಈ ಹೂವಿನ ಜಾತಕವನ್ನು ಓದಿದೆ. ನಿಜವಾದ ಬ್ರಹ್ಮಕಮಲ ಹಿಮಾಲಯದ ಎತ್ತರದಲ್ಲಿ ಬೆಳೆಯುವ ಬೇರೆಯೇ ಗಿಡ. ನಮ್ಮ ಹಿತ್ತಿಲಿನದು ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದ ಕಾಡುಗಳಿಂದ ಬಂದ ಒಂದು ಕಳ್ಳಿಯ ಜಾತಿ. ನಾವು ಎಲೆಯೆನ್ನುವುದು ಸಹ ಎಲೆಯಲ್ಲ, ಚಪ್ಪಟೆಯಾದ ಕಾಂಡ. ಹೊಸ ವಿದ್ಯೆಯ ಹುರುಪಿನಲ್ಲಿ ಇದನ್ನೆಲ್ಲ ಅಜ್ಜಿಗೆ ಹೇಳಿ, “ನೀವು ಕುಂಕುಮ ಏರಿಸುತ್ತಿರುವುದು ಪರದೇಶದ ಕಳ್ಳಿಗೆ” ಎಂದೆ. ಅಜ್ಜಿ ಬತ್ತಿ ಹೊಸೆಯುವುದನ್ನು ನಿಲ್ಲಿಸಲಿಲ್ಲ. “ಎಲ್ಲಿಂದ ಬಂದರೇನೋ? ನಾನು ಈ ಮನೆಗೆ ಬಂದದ್ದು ತೀರ್ಥಹಳ್ಳಿಯಿಂದ. ಹಾಗಂತ ನಾನು ಹೊರಗಿನವಳೇನು?” ಎಂದರು.

ಆ ಮಾತಿಗೆ ಅಂದು ಉತ್ತರ ಹೊಳೆಯಲಿಲ್ಲ. ಆಮೇಲೆ ಉದ್ಯಾನಗಳ ಚರಿತ್ರೆಯನ್ನು ಓದುತ್ತ ಹೋದಂತೆ, ಅಜ್ಜಿ ಒಂದೇ ವಾಕ್ಯದಲ್ಲಿ ಅದರ ಸಾರವನ್ನೇ ಹೇಳಿದ್ದರೆಂದು ತೋರಿತು.

ನಮ್ಮ ಹಿತ್ತಿಲನ್ನೇ ನೋಡಿ. ಮಲ್ಲಿಗೆ, ಸಂಪಿಗೆ, ಪಾರಿಜಾತಗಳು ನಮ್ಮ ನೆಲಕ್ಕೆ ಬಹು ಹಳಬರು. ಆದರೆ ಮದುವೆಯ ಹಾರದ ಸುಗಂಧರಾಜ, ಆಯುಧಪೂಜೆಯ ಚೆಂಡುಹೂ ಎರಡೂ ಮೆಕ್ಸಿಕೊದ ಕಡೆಯವು. ದೇವಸ್ಥಾನದ ಅಂಗಳದಲ್ಲಿ ನಿಂತು ಹೆಸರಿನಲ್ಲೇ ದೇವರನ್ನು ಸೇರಿಸಿಕೊಂಡಿರುವ ದೇವಕಣಗಿಲೆಯೂ ಅಮೆರಿಕ ಖಂಡದ್ದೇ. ಕಾಶಿಕಣಗಿಲೆ ಕಾಶಿಯದಲ್ಲ, ಮಡಗಾಸ್ಕರ್ ದ್ವೀಪದ್ದು. 1510ರಲ್ಲಿ ಪೋರ್ಚುಗೀಸರು ಗೋವೆಯನ್ನು ಹಿಡಿದ ಮೇಲೆ ಹೊಸ ಖಂಡದ ಎಷ್ಟೋ ಗಿಡಗಳು ಹಡಗಿಳಿದು ಒಳನಾಡಿಗೆ ನಡೆದುಬಂದವು. ಕೆಲವಕ್ಕೆ ನಮ್ಮವರು ಹೆಸರಿನಲ್ಲೇ ವಿಳಾಸ ಬರೆದಿಟ್ಟರು. ಪರಂಗಿಯವರ ಜೊತೆ ಬಂದದ್ದು ಪರಂಗಿಹಣ್ಣು. ದೂರದ ಸೀಮೆಯಿಂದ ಬಂದದ್ದು ಸೀಮೆಹುಣಸೆ, ಸೀಮೆಬದನೆ.

ಈ ಸೀಮೆಬದನೆಯ ಕಥೆ ನಮ್ಮನ್ನು ಲಾಲ್‌ಬಾಗಿಗೆ ಕರೆದೊಯ್ಯುತ್ತದೆ. 1760ರಲ್ಲಿ ಹೈದರಾಲಿ ಆರಂಭಿಸಿ ಟಿಪ್ಪು ಬೆಳೆಸಿದ ತೋಟ ಅದು. 1800ರಲ್ಲಿ ಬೆಂಗಳೂರಿಗೆ ಬಂದ ಫ್ರಾನ್ಸಿಸ್ ಬುಕಾನನ್ ಇಲ್ಲಿಯ ತೋಟಗಳನ್ನು ನೋಡಿ ಬರೆದಿದ್ದಾನೆ: ಚೌಕಚೌಕವಾದ ಪಾತಿಗಳು, ನಡುವೆ ಸೈಪ್ರೆಸ್ ಮರಗಳ ಸಾಲು, ಒಂದು ಪಾತಿಯ ತುಂಬ ಗುಲಾಬಿಯೇ, ಇನ್ನೊಂದರ ತುಂಬ ದಾಳಿಂಬೆಯೇ. 1856ರಲ್ಲಿ ಅದು ಸರ್ಕಾರದ ಸಸ್ಯೋದ್ಯಾನವಾಯಿತು. 1874ರಲ್ಲಿ ಅಧಿಕಾರಕ್ಕೆ ಬಂದ ಜಾನ್ ಕ್ಯಾಮರನ್ನನ ಕಾಲದಲ್ಲೇ, 1889ರಲ್ಲಿ, ಗಾಜಿನ ಮನೆಗೆ ಅಡಿಗಲ್ಲು ಬಿತ್ತು. ಸೀಮೆಬದನೆಯನ್ನು ಇಲ್ಲಿ ತಂದು ಬೆಳೆಸಿದವನೂ ಅವನೇ. ಅದರ ತವರು ಮೆಕ್ಸಿಕೊ. ನಾವು ಅದನ್ನು ಇಂದಿಗೂ ಸೀಮೆಯದೆನ್ನುತ್ತೇವೆ. ಪಕ್ಕದ ತಮಿಳರಾದರೋ ಅದನ್ನು ಕರೆಯುವುದು ‘ಬೆಂಗಳೂರು ಕತ್ತರಿಕಾಯಿ’ ಎಂದು! ನಮಗೆ ಪರದೇಶದ್ದಾದದ್ದು ನೆರೆಯವರಿಗೆ ನಮ್ಮೂರಿನದೇ ಆಗಿಬಿಟ್ಟಿದೆ. ತವರುಮನೆಯ ಲೆಕ್ಕ ಇಷ್ಟು ಸಡಿಲವಾದದ್ದು.

1908ರಲ್ಲಿ ಕ್ಯಾಮರನ್ನನ ನಂತರ ಬಂದವರು ಜಿ. ಎಚ್. ಕೃಂಬಿಗಲ್. ಜರ್ಮನಿಯ ಡ್ರೆಸ್ಡೆನ್ ಕಡೆಯವರು. ಇಂಗ್ಲೆಂಡಿನ ಕ್ಯೂ ಉದ್ಯಾನದಲ್ಲಿ ಕೆಲಸ ಕಲಿತು, ಬರೋಡದಲ್ಲಿದ್ದು, ಮೈಸೂರು ಸಂಸ್ಥಾನಕ್ಕೆ ಬಂದವರು. ಊರಿನ ರಸ್ತೆಗಳಲ್ಲಿ ವರ್ಷವಿಡೀ ಒಂದಾದ ಮೇಲೊಂದು ಮರ ಹೂ ಬಿಡುತ್ತಿರಬೇಕೆಂದು ಯೋಚಿಸಿ ಸಾಲುಮರಗಳನ್ನು ಆರಿಸಿದರು. ಗೋಡೆಯ ಪಂಚಾಂಗವಿಲ್ಲದೆಯೇ ಬೆಂಗಳೂರಿನವರಿಗೆ ತಿಂಗಳು ತಿಳಿಯುವುದು ಈ ಪುಣ್ಯದಿಂದ. ಯುಗಾದಿಯ ಹೊತ್ತಿಗೆ ಹೊಂಗೆ ಹೊಸ ಎಲೆ ಹೊದೆಯುತ್ತದೆ, ಜಕರಾಂಡ ನೀಲಿಯಾಗಿ ನೆಲಕ್ಕುದುರುತ್ತದೆ. ಬೇಸಿಗೆ ರಜೆಯೆಂದರೆ ಗುಲ್‌ಮೊಹರ್. ಅದರ ಕೇಸರಗಳನ್ನು ಒಂದಕ್ಕೊಂದು ಸಿಕ್ಕಿಸಿ ಎಳೆದು, ಯಾರ ತಲೆ ಹಾರಿತೆಂದು ಜಗಳವಾಡದ ಮಕ್ಕಳುಂಟೆ? ಕಾರ್ತಿಕದ ಮಂಜಿನಲ್ಲಿ ಆಕಾಶಮಲ್ಲಿಗೆಯ ಕೆಳಗೆ ನೆಲವೇ ಘಮಘಮಿಸುತ್ತದೆ. ಎರಡು ಮಹಾಯುದ್ಧಗಳಲ್ಲೂ ಕೃಂಬಿಗಲ್ಲರ ಹುಟ್ಟುನಾಡು ನಮ್ಮನ್ನಾಳುತ್ತಿದ್ದವರ ಶತ್ರುವಾಗಿತ್ತು. ಆದರೂ ಅವರು ಈ ಊರಿಗೇ ಅಂಟಿಕೊಂಡು, 1956ರಲ್ಲಿ ಇಲ್ಲಿಯೇ ಕಣ್ಣುಮುಚ್ಚಿದರು.

ದೊಡ್ಡ ತೋಟಗಳ ಚರಿತ್ರೆ ಹೀಗೆ ಇಸವಿಗಳೊಡನೆ ಸಿಕ್ಕುತ್ತದೆ. ಹಿತ್ತಿಲಿನ ಚರಿತ್ರೆಯನ್ನು ಬರೆದಿಟ್ಟವರಿಲ್ಲ. 1898ರ ಪ್ಲೇಗಿನ ನಂತರ ಬಸವನಗುಡಿ, ಮಲ್ಲೇಶ್ವರಗಳು ತುಂಬಿಕೊಂಡಾಗ, ಗಾಳಿ ಬೆಳಕಿಗೆಂದು ಮನೆಯ ಸುತ್ತ ಜಾಗ ಬಿಟ್ಟರು. ಬಿಟ್ಟ ಜಾಗವನ್ನು ಹೆಂಗಸರು ಸುಮ್ಮನೆ ಬಿಡಲಿಲ್ಲ. ಕಾಂಪೌಂಡಿನ ಗೋಡೆಯ ಮೇಲಿಂದ ಒಂದು ಕಡ್ಡಿ ಆಚೆಗೆ ಹೋಯಿತು, ಒಂದು ಗೆಡ್ಡೆ ಈಚೆಗೆ ಬಂತು. “ಕದ್ದು ತಂದ ಗಿಡ ಚೆನ್ನಾಗಿ ಹತ್ತುತ್ತೆ” ಎಂಬ ಶಾಸ್ತ್ರವೂ ಇತ್ತು. ಅದನ್ನು ನಂಬಿ ನಮ್ಮ ಅಜ್ಜಿಯಂಥ ಸಾಧ್ವಿಯೂ ಸಂಜೆಯ ವಾಯುಸಂಚಾರದಲ್ಲಿ ಎರಡು ಕಡ್ಡಿ ಮುರಿದು ಸೆರಗಿನಲ್ಲಿ ಸುತ್ತಿಕೊಂಡು ಬಂದದ್ದುಂಟು.

ಅಜ್ಜಿಯ ಜೊತೆ ಮಳೆಗಾಲದಲ್ಲಿ ತೀರ್ಥಹಳ್ಳಿಗೆ ಹೋದಾಗ ಈ ವ್ಯವಹಾರದ ಇನ್ನೊಂದು ತುದಿ ಕಂಡೆ. ಹೊರಗೆ ಜಡಿಮಳೆ, ಅಂಗಳದಲ್ಲಿ ಕೋಲಿನ ಆಸರೆಗೆ ನಿಂತ ಡೇರೆ ಹೂಗಳು. ನೆಂಟರ ಮನೆಯಲ್ಲಿ ಯೋಗಕ್ಷೇಮ ಮುಗಿದ ಕೂಡಲೇ ಮಾತು ಬಣ್ಣದ ಕಡೆಗೆ ತಿರುಗುತ್ತಿತ್ತು: “ನಿಮ್ಮಲ್ಲಿ ಈ ಬೆಣ್ಣೆ ಬಣ್ಣದ್ದು ಇದೆಯಾ? ಗೆಡ್ಡೆ ಎತ್ತಿದಾಗ ನನಗೊಂದು ಇಟ್ಟಿರಿ.” ಡೇರೆಯೂ ಮೆಕ್ಸಿಕೊದ್ದೇ. ಮ್ಯಾಡ್ರಿಡ್ಡಿನ ರಾಜೋದ್ಯಾನದಲ್ಲಿ ಅದು ಹೂ ಬಿಟ್ಟಾಗ, 1791ರಲ್ಲಿ, ಕವಾನಿಲ್ಲೆಸ್ ಎಂಬ ವಿದ್ವಾಂಸ ಸ್ವೀಡನ್ನಿನ ಆಂಡರ್ಸ್ ಡಾಲ್ ಎಂಬ ಸಸ್ಯಶಾಸ್ತ್ರಜ್ಞನ ನೆನಪಿಗೆ ಡಾಲಿಯ ಎಂದು ಹೆಸರಿಟ್ಟ. ಡಾಲ್ ತೀರಿಹೋದದ್ದು 1789ರಲ್ಲಿ. ತನ್ನ ಹೆಸರಿನ ಹೂವನ್ನು ಅವನು ಕಾಣಲಿಲ್ಲ. ಮಲೆನಾಡಿನ ಬಾಯಲ್ಲಿ ಅದು ಡೇರೆಯಾಗಿ, ಯಾರ ಹೆಸರೆಂಬುದೂ ಮರೆತು, ಮಳೆಗಾಲದ ಮುಡಿಯ ಹೂವಾಯಿತು.

ಈಗ ಅಜ್ಜಿಯಿಲ್ಲ. ಹಳೆಯ ಮನೆಯೂ ಇಲ್ಲ. ಅಣ್ಣತಮ್ಮಂದಿರು ಕೂತು ಮಾತಾಡಿ, ಜಾಗವನ್ನು ಬಹುಮಹಡಿ ಕಟ್ಟುವವರಿಗೆ ಕೊಟ್ಟೆವು. ಕೊಡುವ ಕಾಗದಕ್ಕೆ ನಾನೂ ರುಜು ಹಾಕಿದ್ದೇನೆ. ಬೇರೆಯವರನ್ನು ದೂರುವ ಹಕ್ಕು ನನಗಿಲ್ಲ. ಮನೆ ಕೆಡವುವ ಮುಂಚಿನ ಭಾನುವಾರ ಅಕ್ಕ ಡೇರೆಯ ಗೆಡ್ಡೆ ಎತ್ತಿಕೊಂಡಳು, ಅತ್ತಿಗೆ ಮಲ್ಲಿಗೆಯ ಬಳ್ಳಿಯಿಂದ ನಾಲ್ಕು ಕಡ್ಡಿ ಕೊಯ್ದರು, ನಾನು ಬ್ರಹ್ಮಕಮಲದ ಎರಡು ಎಲೆ ತೆಗೆದುಕೊಂಡೆ. ಸಂಪಿಗೆಯ ಮರವನ್ನು ಯಾರೂ ಒಯ್ಯುವಂತಿರಲಿಲ್ಲ. ಅದರ ಬುಡದಲ್ಲಿ ಸ್ವಲ್ಪ ಹೊತ್ತು ನಿಂತಿದ್ದು ಬಂದೆವು. ಗೋಡೆಯ ಮೇಲಿಂದ ಕಡ್ಡಿ ದಾಟಿಸಲು ಗೋಡೆಯಾದರೂ ಬೇಕಲ್ಲ, ಇನ್ನು ಆ ಕೊಡುಕೊಳ್ಳುವಿಕೆ ಮುಗಿಯಿತು ಎಂದೇ ನಾನು ಭಾವಿಸಿದ್ದೆ.

ನಾನು ಈಗಿರುವುದು ಆರನೆಯ ಮಹಡಿಯಲ್ಲಿ. ಬಾಲ್ಕನಿಯ ಕುಂಡದಲ್ಲಿ ನೆಟ್ಟ ಎಲೆ ಮೂರನೆಯ ಮಳೆಗಾಲಕ್ಕೆ ಒಂದೇ ಒಂದು ಮೊಗ್ಗು ಕೊಟ್ಟಿತು. ರಾತ್ರಿ ಹತ್ತಾಗಿತ್ತು. ಎದುರು ಮನೆಯವರು ಬಂಗಾಳದವರು. ಲಿಫ್ಟಿನಲ್ಲಿ ಮುಗುಳ್ನಕ್ಕದ್ದು ಬಿಟ್ಟರೆ ಪರಿಚಯವಿಲ್ಲ. ಬಾಗಿಲವರೆಗೆ ಹೋಗಿ ಎರಡು ಸಲ ಹಿಂದಿರುಗಿದೆ. ಮೂರನೆಯ ಸಲ ತಟ್ಟಿಯೇಬಿಟ್ಟೆ.

ಗಾಬರಿಯಿಂದ ಬಾಗಿಲು ತೆರೆದ ಆ ಯಜಮಾನಿ ವಿಷಯ ತಿಳಿದು, ಒಳಗಿನಿಂದ ಮುದುಕಿ ಅತ್ತೆಯನ್ನೂ ಕೈಹಿಡಿದು ಕರೆತಂದರು. ಇಬ್ಬರೂ ಬಾಲ್ಕನಿಯಲ್ಲಿ ನಮ್ಮ ಜೊತೆ ಕೂತು, ಕಾಫಿ ಕುಡಿದು, ಹೂ ಬಿಚ್ಚುವವರೆಗೂ ಕಾದರು. ಹೊರಡುವಾಗ ಆ ಮುದುಕಿ ಹಿಂದಿಯಲ್ಲಿ ಏನೋ ಸಂಕೋಚದಿಂದ ಕೇಳಿದರು. ತಾಯಿಯ ಮನೆಯಲ್ಲೂ ಈ ಗಿಡ ಇತ್ತಂತೆ, ಒಂದು ಎಲೆ ಸಿಕ್ಕೀತೇ ಎಂದು.

ಕತ್ತರಿ ತರಲು ಒಳಗೆ ಹೋದೆ.